ಕೂಗುವ ಬೆಕ್ಕೇ ಬೇಕು

ಫೆಬ್ರವರಿ 3

ಬೆಕ್ಕು ಸಾಕುವ ಮಹನೀಯರಿಗೆ ನಮಸ್ಕಾರ.

ಪ್ರಾಣಿಗಳ ಆಸ್ಪತ್ರೆಯ ಗೋಡೆಗೆ ನೀವು ಅಂಟಿಸಿದ ಚೀಟಿ ಓದಿದೆ. 'ಸಯಾಮೀಸ್ ಮರಿಗಳನ್ನು ಕೊಡಲಾಗುವುದು. ಫೋನ್ ಮಾಡಬೇಡಿ. ಪತ್ರ ಬರೆಯಿರಿ. ಪತ್ರ ಬರೆಯುವಷ್ಟು ವ್ಯವಧಾನ ಇಲ್ಲದವರಿಗೆ ಬೆಕ್ಕು ಕೊಡುವುದಿಲ್ಲ.' ಪಕ್ಕದಲ್ಲಿದ್ದವರು ಓದಿ ನಕ್ಕರು. ನಾನು ನಗಲಿಲ್ಲ. ಚೀಲದಿಂದ ಪೆನ್ನು ತೆಗೆದು ವಿಳಾಸ ಬರೆದುಕೊಂಡೆ. ಈ ಕಾಲದಲ್ಲಿ ಫೋನ್ ಮಾಡಬೇಡಿ ಎನ್ನುವ ಗಂಡಸು ಒಬ್ಬನಾದರೂ ಇದ್ದಾನಲ್ಲ ಎಂದು ಸಂತೋಷವಾಯಿತು.

ನನಗೊಂದು ಮರಿ ಬೇಕು. ಗಂಡಾದರೂ ಸರಿ, ಹೆಣ್ಣಾದರೂ ಸರಿ. ಬಣ್ಣ ನೋಡುವುದಿಲ್ಲ, ಬಾಲ ನೋಡುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಬಾಯಿ ಜೋರಿರುವ ಮರಿ ಯಾವುದೋ ಅದನ್ನು ನನಗೆ ಎತ್ತಿಡಿ. ತಮಾಷೆ ಮಾಡುತ್ತಿಲ್ಲ.

ನನ್ನ ವಿಚಾರ ಹೇಳಬೇಕಲ್ಲ. ವಯಸ್ಸು ಐವತ್ತೆರಡು. ಬಟ್ಟೆ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಮಗ್ಗ ನಡೆಸಿದೆ. ಈಗ ಅದೇ ಮಿಲ್ಲಿನಲ್ಲಿ, ನೇಯ್ದ ಬಟ್ಟೆಯನ್ನು ದೀಪದ ಮೇಜಿನ ಮೇಲೆ ಹರಡಿಕೊಂಡು ಹರಿದ ಎಳೆ ಹುಡುಕುವ ಕೆಲಸ. ಮದುವೆ ಆಗಲಿಲ್ಲ; ಆಗಲಿಲ್ಲವಲ್ಲ ಎಂಬ ಕೊರಗೂ ಇಲ್ಲ. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಬಿಸಿಲು ಬೀಳುವ ಒಂದು ಕಿಟಕಿ. ಬೇರೆ ಏನು ಬೇಕೋ ಕೇಳಿ, ಬರೆಯುತ್ತೇನೆ.

ಇತಿ,
ಮಗ್ಗದವಳು

ಫೆಬ್ರವರಿ 14

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ನಾನು ಅಂಚೆ ವಿಂಗಡಣೆ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತನಾದವನು. ಅಷ್ಟು ವರ್ಷ ಊರವರ ಪತ್ರಗಳನ್ನೆಲ್ಲ ಗೂಡುಗೂಡಿಗೆ ಹಾಕಿದವನಿಗೆ, ತನ್ನ ವಿಳಾಸಕ್ಕೂ ಒಂದಿಷ್ಟು ಬರಲಿ ಎಂಬ ಆಸೆ ಇರುವುದು ಸಹಜ. ಆ ಆಸೆಗೆ ನಿಯಮ ಎಂದು ಹೆಸರಿಟ್ಟಿದ್ದೇನೆ. ಐದು ಪತ್ರ ಬರೆಯದವರಿಗೆ ನನ್ನ ಮನೆಯಿಂದ ಮರಿ ಹೋಗುವುದಿಲ್ಲ.

ಬಾಯಿ ಜೋರಿರುವ ಮರಿ ಬೇಕು ಎಂದಿದ್ದೀರಿ. ಹಾಗೆ ಕೇಳಿದವರು ನೀವೇ ಮೊದಲಿಗರು, ಹಾಗಾಗಿ ನಿಮಗೆ ಈ ಜಾತಿ ಗೊತ್ತಿಲ್ಲ ಎಂದು ತಿಳಿಯುತ್ತೇನೆ. ಜನ ಇದರ ನೀಲಿ ಕಣ್ಣು ನೋಡಿ ಮರುಳಾಗುತ್ತಾರೆ. ಹುಟ್ಟಿದಾಗ ಹಾಲಿನ ಹಾಗೆ ಬೆಳ್ಳಗಿರುತ್ತವೆ. ಆಮೇಲೆ ಮೈಯಲ್ಲಿ ತಣ್ಣಗಿರುವ ಜಾಗ, ಅಂದರೆ ಕಿವಿ, ಮುಖ, ಪಾದ, ಬಾಲ, ಇಷ್ಟು ಮಾತ್ರ ಕಪ್ಪಾಗುತ್ತಾ ಬರುತ್ತದೆ. ಇದನ್ನು ಕಂಡು 'ಅಯ್ಯೋ ಎಷ್ಟು ಚೆಂದ' ಎಂದು ಎತ್ತಿಕೊಂಡು ಹೋಗುತ್ತಾರೆ. ಮೂರು ತಿಂಗಳಿಗೆ ವಾಪಸ್ ತರುತ್ತಾರೆ. ನಾನು ಕೊಟ್ಟ ಹನ್ನೊಂದರಲ್ಲಿ ನಾಲ್ಕು ತಿರುಗಿ ಬಂದವು, ನಾಲ್ಕಕ್ಕೂ ಒಂದೇ ದೂರು: ಕೂಗುತ್ತದೆ. ಸಯಾಮೀಸ್ ಮಿಯಾಂವ್ ಎನ್ನುವುದಿಲ್ಲ ಮಾನ್ಯರೇ, ಜಗಳ ಆಡುತ್ತದೆ. ನೀವು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಬೈಯುತ್ತದೆ. ಕೆಲಸದಿಂದ ತಡವಾಗಿ ಬಂದರೆ ಲೆಕ್ಕ ಕೇಳುತ್ತದೆ. ಮೇಜಿನ ಡ್ರಾ ತೆರೆಯುತ್ತದೆ, ಕಪಾಟಿನ ಮೇಲೆ ಹಾರುತ್ತದೆ, ಒಂಟಿ ಬಿಟ್ಟರೆ ಕೊರಗುತ್ತದೆ. ಅಲಂಕಾರಕ್ಕೆ ಬೇಕಿದ್ದರೆ ಗೊಂಬೆ ತನ್ನಿ.

ಮೂರು ಪ್ರಶ್ನೆ. ಹಿಂದೆ ಬೆಕ್ಕು ಸಾಕಿದ್ದಿರಾ? ಅದು ಏನಾಯಿತು? ಈ ಜಾತಿಯೇ ಯಾಕೆ?

ಇತಿ,
ವಿಂಗಡಣೆ ವಿಭಾಗದ ನಿವೃತ್ತ ನೌಕರ

ಫೆಬ್ರವರಿ 27

ಬೆಕ್ಕಿನ ಮೇಷ್ಟ್ರೇ, ನಮಸ್ಕಾರ.

ಪ್ರಶ್ನೆಪತ್ರಿಕೆ ಕಳಿಸುವವರನ್ನು ಮೇಷ್ಟ್ರು ಎನ್ನದೆ ಇನ್ನೇನನ್ನಲಿ? ಬೇಜಾರು ಮಾಡಿಕೊಳ್ಳಬೇಡಿ.

ಈ ಜಾತಿ ಗೊತ್ತಿಲ್ಲ ಎಂದಿರಲ್ಲ, ಎರಡು ಶನಿವಾರ ಗ್ರಂಥಾಲಯದಲ್ಲಿ ಕುಳಿತು ಗೊತ್ತು ಮಾಡಿಕೊಂಡಿದ್ದೇನೆ. ಮೊದಲು ಇವುಗಳ ಕಣ್ಣು ಮೆಳ್ಳೆ, ಬಾಲದ ತುದಿ ಸೊಟ್ಟ ಇರುತ್ತಿತ್ತಂತೆ. ಸಾಕುವವರು ಆರಿಸಿ ಆರಿಸಿ ಅದನ್ನು ಹೋಗಲಾಡಿಸಿದರಂತೆ. ತಣ್ಣನೆಯ ಕೋಣೆಯಲ್ಲಿ ಬೆಳೆದದ್ದು ಹೆಚ್ಚು ಕಪ್ಪಾಗುತ್ತದಂತೆ. ನಮ್ಮ ಮನೆ ಬೆಚ್ಚಗಿದೆ, ನನಗೆ ಸಿಗುವುದು ಬಿಳಿಚಿಕೊಂಡಿದ್ದರೂ ನಾನು ದೂರು ತರುವುದಿಲ್ಲ. ಹಲ್ಲು, ಉಸಿರಾಟ, ಮೂತ್ರಪಿಂಡ, ಈ ಮೂರರ ಮೇಲೆ ಕಣ್ಣಿಡಬೇಕು ಎಂದೂ ಬರೆದುಕೊಂಡಿದ್ದೇನೆ. ಇನ್ನೂ ಕೇಳಿ.

ನಿಮ್ಮ ಪ್ರಶ್ನೆಗಳಿಗೆ: ಹೌದು, ಒಂದು ಬೆಕ್ಕಿತ್ತು. ಬೀದಿಯಿಂದ ಮರಿಯಾಗಿ ಬಂದದ್ದು, ಮೈಮೇಲೆ ಪಟ್ಟೆ ಇತ್ತು, ಪಟ್ಟೆ ಎಂದೇ ಕರೆಯುತ್ತಿದ್ದೆ. ನಾಲ್ಕು ವರ್ಷ ನನ್ನ ಜೊತೆಗಿತ್ತು. ಹೋದ ವರ್ಷ ಹೋಯಿತು.

ಈ ಜಾತಿಯೇ ಯಾಕೆಂದರೆ ನನಗೆ ಜಗಳ ಇಷ್ಟ. ನನ್ನ ತಂಗಿಯನ್ನು ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾಳೆ. ಅವಳಿಗೆ ಈ ಬೆಕ್ಕಿನ ವಿಷಯ ತಿಳಿದ ದಿನದಿಂದ ಒಂದೇ ಪಲ್ಲವಿ: "ಅಕ್ಕಾ, ಒಬ್ಬಳೇ ಯಾಕೆ ಒದ್ದಾಡ್ತೀಯ? ನಮ್ಮನೇಗೆ ಬಂದ್ಬಿಡು. ಹಿಂದಿನ ಕೋಣೆ ಖಾಲಿ ಇದೆ." ಆ ಕೋಣೆ ಖಾಲಿ ಇಲ್ಲ ಮೇಷ್ಟ್ರೇ, ನಾನು ನೋಡಿದ್ದೇನೆ. ಅಲ್ಲಿ ಮುರಿದ ಕುರ್ಚಿ ಇದೆ, ಮಕ್ಕಳ ಹಳೇ ಸೈಕಲ್ ಇದೆ, ಉಪಯೋಗಕ್ಕೆ ಬಾರದ್ದು, ಬಿಸಾಡಲು ಮನಸ್ಸು ಬಾರದ್ದು ಎಲ್ಲ ಇದೆ. ಆ ಸಾಲಿನಲ್ಲಿ ಹೋಗಿ ಕೂರಲು ನನಗೇನು ಗ್ರಹಚಾರ? ಪ್ರೀತಿಯಿಂದಲೇ ಕರೆಯುತ್ತಾಳೆ, ಅದೇ ಕಷ್ಟ. ಬೈದು ಕರೆದಿದ್ದರೆ ಜಗಳ ಆಡಿ ಮುಗಿಸಬಹುದಿತ್ತು.

ಇತಿ,
ಮಗ್ಗದವಳು

ಮಾರ್ಚ್ 15

ಅಮ್ಮಾ,

ಮಾನ್ಯರೇ ಎಂದು ಬರೆಯಲು ಹೋದೆ, ನೀವು ನಗುತ್ತೀರಿ ಎಂದು ಬಿಟ್ಟೆ.

ಒಳ್ಳೆಯ ಸುದ್ದಿ. ಮರಿಗಳಾಗಿವೆ, ನಾಲ್ಕು. ಇವತ್ತಿಗೆ ಇಪ್ಪತ್ತು ದಿನ, ಕಣ್ಣು ಬಿಟ್ಟಿವೆ. ನಮ್ಮ ಯಜಮಾನಿ ದಿನವಿಡೀ ಅವುಗಳ ಕಾವಲು. ಯಜಮಾನಿ ಎಂದರೆ ಮರಿಗಳ ಅಜ್ಜಿ, ಏಳು ವರ್ಷದವಳು. ಅವಳ ಮಗಳು ಹೆತ್ತಿದ್ದು, ಆದರೆ ಅಧಿಕಾರವೆಲ್ಲ ಇವಳದೇ. ನಾನು ಎರಡು ನಿಮಿಷ ಹೆಚ್ಚು ಹೊತ್ತು ಮರಿಯನ್ನು ಕೈಯಲ್ಲಿ ಹಿಡಿದರೆ ಮೂರನೇ ಮನೆಗೆ ಕೇಳುವಂತೆ ರಂಪ ಮಾಡುತ್ತಾಳೆ. ಈ ಮನೆಯಲ್ಲಿ ನಾನು ಬಾಡಿಗೆಯವನು.

ನಿಮ್ಮ ಉತ್ತರ ಚೆನ್ನಾಗಿದೆ. ಇಷ್ಟು ಓದಿಕೊಂಡು ಬಂದವರನ್ನು ನಾನು ನೋಡಿಲ್ಲ. ಆದರೆ ಮೂವತ್ನಾಲ್ಕು ವರ್ಷ ಲಕೋಟೆ ಮುಟ್ಟಿದ ಕೈ ಇದು. ಯಾವುದರಲ್ಲಿ ಒಂದು ಹಾಳೆ ಕಡಿಮೆ ಇದೆ ಎಂದು ತಿಳಿಯುತ್ತದೆ. ಸಯಾಮೀಸ್ ಬಾಲದ ಬಗ್ಗೆ ಅಷ್ಟುದ್ದ ಬರೆದವರು, ನಾಲ್ಕು ವರ್ಷ ಜೊತೆಗಿದ್ದ ಪಟ್ಟೆಯ ಬಗ್ಗೆ 'ಹೋಯಿತು' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಹೇಗೆ ಹೋಯಿತು?

ಇನ್ನೊಂದು. ಪತ್ರಗಳ ನಡುವೆ ಒಂದು ಸಲ ಮಾತ್ರ ಫೋನ್ ಪರೀಕ್ಷೆ ಇಟ್ಟಿದ್ದೇನೆ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಲಕೋಟೆಯ ಹಿಂದೆ ಬರೆದ ನಂಬರಿಗೆ ಫೋನ್ ಮಾಡಿ. ನಾನು ಮಾತಾಡುವುದಿಲ್ಲ, ಯಜಮಾನಿ ಮಾತಾಡುತ್ತಾಳೆ. ಅವಳ ಕೂಗು ಕೇಳಿ ಕೆಲವರು ಅಯ್ಯೋ ಎನ್ನುತ್ತಾರೆ, ಕೆಲವರು ಫೋನ್ ಇಟ್ಟುಬಿಡುತ್ತಾರೆ. ನಕ್ಕವರಿಗೆ ಮರಿ ಕೊಡುತ್ತೇನೆ. ನೀವು ನಗುತ್ತೀರಿ ಎಂದು ನನಗೆ ನಂಬಿಕೆ ಇದೆ.

ಇತಿ,
ವಿಂಗಡಣೆಯವನು

ಮಾರ್ಚ್ 24

ನಮಸ್ಕಾರ.

ಭಾನುವಾರ ಫೋನ್ ಮಾಡಲು ಆಗಲಿಲ್ಲ. ನನ್ನ ಫೋನ್ ಕೆಟ್ಟಿದೆ. ಮುಂದಿನ ಭಾನುವಾರಗಳಲ್ಲೂ ಮಿಲ್ಲಿನಲ್ಲಿ ಕೆಲಸ ಇರುತ್ತದೆ. ಫೋನ್ ಬೇಡ ಎಂದು ಚೀಟಿ ಅಂಟಿಸಿದವರು ನೀವೇ ಅಲ್ಲವೇ? ನಿಯಮ ಎಂದ ಮೇಲೆ ನಿಯಮ.

ಪಟ್ಟೆಗೆ ವಯಸ್ಸಾಗಿತ್ತು. ಕಾಯಿಲೆ ಬಂದು ಹೋಯಿತು. ಹೆಚ್ಚಿಗೆ ಬರೆಯುವಂಥದ್ದೇನೂ ಇಲ್ಲ.

ಮರಿಗಳು ಹೇಗಿವೆ?

ಮಗ್ಗದವಳು

ಏಪ್ರಿಲ್ 4

ಮಾನ್ಯರೇ,

ನಿಮ್ಮ ಮಾರ್ಚ್ 24ರ ಪತ್ರ ಓದಿ ಮುಗಿಸಿದ ಮರುದಿನ ಇನ್ನೊಂದು ಪತ್ರ ಬಂತು. ನಿಮ್ಮ ತಂಗಿಯವರದು. ನಿಮ್ಮ ಮೇಜಿನ ಮೇಲೆ ನನ್ನ ಲಕೋಟೆ ನೋಡಿ ವಿಳಾಸ ತೆಗೆದುಕೊಂಡರಂತೆ. ಅವರ ಮಾತನ್ನೇ ಇಳಿಸುತ್ತೇನೆ:

'ದಯವಿಟ್ಟು ನಮ್ಮಕ್ಕನಿಗೆ ಬೆಕ್ಕು ಕೊಡಬೇಡಿ ಸಾರ್. ಅವಳಿಗೆ ಕಿವಿ ಕೇಳಿಸುವುದಿಲ್ಲ. ಹಿಂದಿನ ಬೆಕ್ಕು ಅವಳ ಮನೆಯ ಕಪಾಟಿನೊಳಗೆ ಸಿಕ್ಕಿಕೊಂಡು ಮೂರು ದಿನ ಅತ್ತು ಅತ್ತು ಪ್ರಾಣ ಬಿಟ್ಟಿತು. ಇನ್ನೊಂದು ಸಲ ಹಾಗಾದರೆ ಅಕ್ಕ ಉಳಿಯುವುದಿಲ್ಲ.'

ನೀವು ನನಗೆ ಬರೆದದ್ದು: ವಯಸ್ಸಾಗಿತ್ತು, ಕಾಯಿಲೆ ಬಂತು. ನಾಲ್ಕು ವರ್ಷದ ಬೆಕ್ಕಿಗೆ ಯಾವ ವಯಸ್ಸು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ನಿಮ್ಮ ಜೊತೆ ನಾನು ಎರಡು ತಿಂಗಳು ನಗುನಗುತ್ತಾ ಪತ್ರ ಬರೆದೆ. ಆ ಎರಡು ತಿಂಗಳೂ ನೀವು ಒಂದು ಪ್ರಾಣಿಯ ಸಾವನ್ನು ಮುಚ್ಚಿಟ್ಟುಕೊಂಡಿದ್ದಿರಿ. ಕಿವಿ ಕೇಳದಿರುವುದು ತಪ್ಪಲ್ಲ. ಸುಳ್ಳು ಹೇಳಿ ನನ್ನ ಮರಿಯನ್ನು ಒಯ್ಯಲು ನೋಡಿದ್ದು ತಪ್ಪು.

ಮರಿ ಇಲ್ಲ. ಸಾಕಲೇಬೇಕು ಎನಿಸಿದರೆ ಮೀನು ಸಾಕಿ. ಮೀನು ಕೂಗುವುದಿಲ್ಲ.

ವಿಂಗಡಣೆ ವಿಭಾಗದ ನಿವೃತ್ತ ನೌಕರ

ಏಪ್ರಿಲ್ 9

ಮೇಷ್ಟ್ರೇ,

ನನ್ನದು ಕಿವುಡು ಕಿವಿ, ಒಪ್ಪಿದೆ. ನಿಮ್ಮದು ಹಿತ್ತಾಳೆ ಕಿವಿ. ಯಾರೋ ಬರೆದದ್ದನ್ನು ಓದಿದಿರಿ, ನನ್ನನ್ನು ಒಂದು ಮಾತು ಕೇಳಲಿಲ್ಲ, ತೀರ್ಪು ಬರೆದು ಅಂಚೆಗೆ ಹಾಕಿದಿರಿ. ಮೀನು ಸಾಕಬೇಕಂತೆ! ಆ ಸಾಲನ್ನು ಬರೆಯುವಾಗ ನಿಮಗೆ ಬಹಳ ಜಾಣ ಅನಿಸಿರಬೇಕು. ಇನ್ನೊಂದು ಸಲ ಓದಿ ನೋಡಿ, ನಾಚಿಕೆ ಆಗುತ್ತದೆ.

ನಾನು ಸುಳ್ಳು ಹೇಳಿದ್ದು ನಿಜ. ಅದಕ್ಕೆ ತಪ್ಪಾಯಿತು ಎನ್ನುತ್ತೇನೆ, ಒಂದೇ ಸಲ ಎನ್ನುತ್ತೇನೆ. ಇನ್ನು ಪೂರ್ತಿ ಕೇಳಿ. ನಮ್ಮ ತಂಗಿ ಸುಳ್ಳು ಹೇಳಿಲ್ಲ, ಅರ್ಧಕ್ಕೆ ನಿಲ್ಲಿಸಿದ್ದಾಳೆ.

ನಮ್ಮ ಶೆಡ್ಡಿನಲ್ಲಿ ತೊಂಬತ್ತು ಮಗ್ಗ. ಲಾಳಿ ಆ ಕಡೆಯಿಂದ ಈ ಕಡೆಗೆ ಒಂದೊಂದು ಸಲ ಹಾರಿದಾಗಲೂ ಒಂದೊಂದು ಏಟು. ಇಪ್ಪತ್ತಾರು ವರ್ಷ ನಾವು ಕೈಸನ್ನೆಯಲ್ಲೇ ಮಾತಾಡಿದೆವು, ಹಾಗಾಗಿ ಕಿವಿ ಹೋದದ್ದು ಯಾವಾಗ ಎಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಸಣ್ಣ ದನಿಗಳು ಮೊದಲು ಹೋದವು. ಹಕ್ಕಿ ಹೋಯಿತು, ಬಾಗಿಲ ಗಂಟೆ ಹೋಯಿತು, ಕೆಟಲ್ಲಿನ ಸೀಟಿ ಹೋಯಿತು. ದಪ್ಪ ದನಿ ಇದೆ. ಲಾರಿ ಕೇಳಿಸುತ್ತದೆ. ಮೇಲಿನ ಮನೆಯವರು ಕುರ್ಚಿ ಎಳೆದರೆ ಕೇಳಿಸುತ್ತದೆ. ಎದುರು ಕುಳಿತು ಮಾತಾಡಿದರೆ ತುಟಿ ನೋಡಿ ಮುಕ್ಕಾಲು ಪಾಲು ಹಿಡಿಯುತ್ತೇನೆ. ಫೋನಿನಲ್ಲಿ ತುಟಿ ಇರುವುದಿಲ್ಲವಲ್ಲ! ನಿಮ್ಮ ಯಜಮಾನಿಯ ಕೂಗು ಫೋನಿನಲ್ಲಿ ಬಂದರೆ ನನಗೆ ಅದು ಮಣ್ಣು ಸುರಿದ ಸದ್ದು. ನಗಬೇಕೋ ಅಳಬೇಕೋ ತಿಳಿಯದೆ ನಿಂತಿರುತ್ತಿದ್ದೆ, ನೀವು ಫೇಲು ಮಾಡುತ್ತಿದ್ದಿರಿ. ಅದಕ್ಕೆ ಫೋನ್ ಕೆಟ್ಟಿತು. ಕಿವಿಗೆ ಯಂತ್ರವೂ ಇದೆ, ಮಿಲ್ಲಿನವರು ಕೊಟ್ಟದ್ದು. ಹಾಕಿಕೊಂಡರೆ ತಟ್ಟೆ ಚಮಚವೆಲ್ಲ ತಲೆಯೊಳಗೇ ಬೀಳುತ್ತವೆ, ಬೆಕ್ಕಿನ ಸಣ್ಣ ದನಿ ಮಾತ್ರ ಅದರಲ್ಲೂ ಬರುವುದಿಲ್ಲ.

ಈಗ ಪಟ್ಟೆ. ಹೋದ ಆಗಸ್ಟ್. ಗೋಡೆಯ ಮೇಲೆ, ಸೂರಿನ ಹತ್ತಿರ ಒಂದು ಕಪಾಟಿದೆ, ಕಂಬಳಿ ಇಡುವುದು. ನಾನು ಕಂಬಳಿ ಎತ್ತಿಡುವಾಗ ಅವನು ಹಿಂದಿನಿಂದ ನುಸುಳಿದ್ದಾನೆ. ನಾನು ಬಾಗಿಲು ಹಾಕಿದೆ. ಸಂಜೆ ಕಾಣಲಿಲ್ಲ. ಬೀದಿಯೆಲ್ಲ ಹುಡುಕಿದೆ, ಮಿಲ್ಲಿಗೆ ರಜೆ ಹಾಕಿ ಹುಡುಕಿದೆ, ಕಂಬ ಕಂಬಕ್ಕೂ ಕಾಗದ ಅಂಟಿಸಿದೆ. ಮೂರನೇ ದಿನ ತಂಗಿ ಬಂದಳು. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಲ್ಲೇ ನಿಂತು "ಅಕ್ಕಾ, ಬೆಕ್ಕು ಅಳ್ತಾ ಇದೆಯಲ್ಲೇ, ಇಲ್ಲೇ ಎಲ್ಲೋ" ಎಂದಳು. ನಾನು ಆ ಕಪಾಟಿನ ಕೆಳಗೇ ಮಲಗಿದ್ದೆ ಮೇಷ್ಟ್ರೇ, ಮೂರು ದಿನ. ಅವನು ಕರೆದದ್ದು ನನ್ನನ್ನೇ. ತೆಗೆದಾಗ ಜೀವ ಇತ್ತು. ಆಸ್ಪತ್ರೆಯಲ್ಲಿ ಮರುದಿನ ಹೋದ.

ಇದನ್ನು ನಾನು ಯಾರಿಗೂ ಬರೆದು ತೋರಿಸಿರಲಿಲ್ಲ. ನೀವು ಬರೆಸಿದಿರಿ. ಸಮಾಧಾನ ಆಯಿತೇ?

ಅವತ್ತು ಪಟ್ಟೆಯನ್ನು ಒಯ್ಯಲು ಆಸ್ಪತ್ರೆಯವರು ಕೊಟ್ಟಿದ್ದ ಬುಟ್ಟಿ ನನ್ನ ಹತ್ತಿರವೇ ಉಳಿದಿತ್ತು. ಈ ಜನವರಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಅದನ್ನು ವಾಪಸ್ ಕೊಡಲು ಹೋದೆ. ಕೊಟ್ಟು ಹೊರಗೆ ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಯಾರೋ ಒರಟು ಗಂಟಲಿನಲ್ಲಿ ಕೂಗಿದರು. ತಿರುಗಿದೆ. ಜನ ಅಲ್ಲ, ಬೆಕ್ಕು. ಒಬ್ಬರು ಪಂಜರದಲ್ಲಿ ಸಯಾಮೀಸ್ ತಂದಿದ್ದರು. ಅದು ಡಾಕ್ಟರನ್ನೂ ಬಿಡದೆ ಬೈಯುತ್ತಿತ್ತು, ಎಲ್ಲರೂ ಮುಖ ಕಿವುಚಿಕೊಂಡಿದ್ದರು. ಯಾರೂ ನನ್ನ ಭುಜ ತಟ್ಟಿರಲಿಲ್ಲ, ನಾನಾಗಿಯೇ ತಿರುಗಿದ್ದೆ. ಎಂಟು ವರ್ಷಕ್ಕೆ ಮೊದಲ ಸಲ. ಅಲ್ಲೇ ಗೋಡೆಯ ಮೇಲೆ ನಿಮ್ಮ ಚೀಟಿ ಇತ್ತು.

ಅದಕ್ಕೆ ಕೂಗುವ ಬೆಕ್ಕು ಕೇಳಿದೆ. ಕಿವುಡಿ ಎಂದು ಕನಿಕರ ಬೇಡ. ನನಗೂ ಒಂದು ಪ್ರಾಣವನ್ನು ಕಾಪಾಡಲು ಬರುತ್ತದೆ, ಅದು ನನ್ನನ್ನು ಕರೆದದ್ದು ನನಗೆ ಕೇಳಿಸಿದರೆ ಸಾಕು. ಪರೀಕ್ಷೆ ಮಾಡಿ. ನಿಮ್ಮ ಮನೆಗೆ ಬರುತ್ತೇನೆ, ಯಾವ ಕೋಣೆಯಲ್ಲಾದರೂ ಮರಿಯನ್ನು ಬಿಟ್ಟು ಬಾಗಿಲು ಹಾಕಿ. ಕಿವಿಯಿಂದಲೇ ಹುಡುಕುತ್ತೇನೆ. ಆಗದಿದ್ದರೆ ನೀವು ಬಾಯಿ ಬಿಡುವ ಮೊದಲೇ ಎದ್ದು ಹೋಗುತ್ತೇನೆ.

ಮಗ್ಗದವಳು

ಏಪ್ರಿಲ್ 30

ಅಮ್ಮಾ,

ಮೂರು ವಾರ ಉತ್ತರ ಬರೆಯಲಾಗಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ಮೀನಿನ ಸಾಲು ಮತ್ತೆ ಓದಿದೆ. ನೀವು ಹೇಳಿದ್ದು ಸರಿ.

ಮೇ 10, ಬೆಳಗ್ಗೆ ಹನ್ನೊಂದು. ನಡುಮನೆಯಿಂದ ಮೂರು ಬಾಗಿಲಿವೆ: ಅಡುಗೆಮನೆ, ಮಲಗುವ ಕೋಣೆ, ಹಿಂದಿನ ಕೋಣೆ. ಒಂದರಲ್ಲಿ ಮರಿ ಇರುತ್ತದೆ. ಪಾಸಾದರೆ ಬೆಕ್ಕು ನಿಮ್ಮದು. ಇದನ್ನು ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ನಾನು ನಿಮ್ಮ ಎದುರು ನಿಂತು, ನಿಧಾನವಾಗಿ ಮಾತಾಡುತ್ತೇನೆ. ಮೀಸೆ ತೆಗೆಸಿದ್ದೇನೆ, ತುಟಿ ಕಾಣಲಿ ಎಂದು.

ವಿಂಗಡಣೆಯವನು

ಮೇ 12

ಅಮ್ಮಾ,

ಮೊನ್ನೆ ನೀವು ಮಾತಾಡದೆ ಹೊರಟುಹೋದಿರಿ. ಹೇಳಬೇಕಾದ್ದನ್ನು ಬರೆದೇ ಹೇಳುತ್ತೇನೆ.

ಮರಿ ಅಡುಗೆಮನೆಯಲ್ಲಿತ್ತು. ನೀವು ಆ ಬಾಗಿಲ ಮುಂದೆ ಹಾದುಹೋಗುವಾಗ ಮೂರು ಸಲ ಕೂಗಿತು. ನಾನು ನಡುಮನೆಯ ಈ ತುದಿಯಲ್ಲಿ ಕೇಳಿಸಿಕೊಂಡೆ. ನೀವು ನಿಲ್ಲಲೂ ಇಲ್ಲ. ನೇರ ಹಿಂದಿನ ಕೋಣೆಗೆ ನಡೆದು ಆ ಬಾಗಿಲು ತೆರೆದಿರಿ. ಅಲ್ಲಿ ಇದ್ದದ್ದು ಮರಿ ಅಲ್ಲ. ಅಡ್ಡ ಬಾರದಿರಲಿ ಎಂದು ನಾನು ಕೂಡಿ ಹಾಕಿದ್ದ ಯಜಮಾನಿ.

ನೀವು ಮನಸ್ಸಿನಿಂದ ಬಂದಿರಿ, ನನಗೆ ಗೊತ್ತು. ಆದರೆ ಪರೀಕ್ಷೆ ನೀವೇ ಕೇಳಿದ್ದು. ಫೇಲಾಗಿದ್ದೀರಿ. ಮರಿ ಕೊಡಲಾರೆ. ಇದರಲ್ಲಿ ನನಗೆ ಸಂತೋಷ ಇಲ್ಲ.

ವಿಂಗಡಣೆಯವನು

ಮೇ 12

ಮೇಷ್ಟ್ರೇ,

ನಿಮ್ಮ ಪತ್ರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಎರಡೂ ದಾರಿಯಲ್ಲಿ ಹಾಯ್ದುಹೋಗಲಿ.

ಮೊನ್ನೆ ನಿಮ್ಮ ಮುಖ ನೋಡಿ ಸೋತೆ ಎಂದುಕೊಂಡೆ, ಹೇಳಿದ ಮಾತಿನಂತೆ ಎದ್ದುಬಂದೆ. ಬಸ್ಸಿನಲ್ಲಿ ಕೂತ ಮೇಲೆ ಬುದ್ಧಿ ಬಂತು. ನಾನು ಯಾಕೆ ಸೋತೆ? ನಾನು ಊಹೆ ಮಾಡಿ ಆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಒಬ್ಬಳು ನನ್ನನ್ನು ಕರೆದಳು. ಎರಡು ಬಾಗಿಲು ದಾಟಿ ಬಂತು ಆ ದನಿ. 'ಯಾರೇ ಅದು, ಬಾಗಿಲು ತೆಗಿಯೇ' ಎನ್ನುವ ಹಾಗೆ ಕೂಗಿದಳು. ಹೋಗಿ ತೆಗೆದೆ. ಎದುರಿಗೇ ಕೂತಿದ್ದಳು, ಕಪ್ಪು ಮುಖ, ನೀಲಿ ಕಣ್ಣು. ನನ್ನನ್ನು ನೋಡಿ ತಡವಾಯಿತು ಎಂದು ಬೈದಳು. ಆಗ ಅಳು ಬಂತು ನನಗೆ. ನೀವು ಅದನ್ನು ಸೋತವಳ ಅಳು ಎಂದುಕೊಂಡಿರಿ.

ಮರಿಯ ದನಿ ನನಗೆ ಕೇಳಿಸಲಿಲ್ಲ. ಕೇಳಿಸುವುದೂ ಇಲ್ಲ, ಈಗ ಅರ್ಥವಾಯಿತು. ಮಗು ಹುಟ್ಟುತ್ತಲೇ ಅಜ್ಜಿಯ ಗಂಟಲಿನಲ್ಲಿ ಅಳುತ್ತದೆಯೇ? ಮರಿಯ ಬಾಯಿ ಎಷ್ಟೇ ಜೋರಿದ್ದರೂ ಅದು ಸಣ್ಣ ದನಿ, ಪಟ್ಟೆಯ ದನಿಯಂಥದ್ದೇ. ಒರಟು ಗಂಟಲು ಬೆಳೆದ ಮೇಲೆ ಬರುವುದು. ಎರಡು ಶನಿವಾರ ಓದಿದರೂ ನನಗೆ ಅದು ಹೊಳೆಯಲಿಲ್ಲ. ಆದರೆ ನಿಮಗೆ ಗೊತ್ತಿರಬೇಕಿತ್ತಲ್ಲ? ಹನ್ನೊಂದು ಮರಿ ಬೆಳೆಸಿದವರಿಗೆ? ಕಿವುಡಿಯ ಮುಂದೆ ಕಿನ್ನರಿ ಬಾರಿಸಿ, ತಲೆದೂಗಲಿಲ್ಲ ಎಂದು ಮಾರ್ಕು ಕಳೆದ ಹಾಗಾಯಿತು.

ಇದು ನನ್ನ ಐದನೆಯ ಪತ್ರ. ನಿಮ್ಮ ನಿಯಮ ಪೂರ್ತಿಯಾಯಿತು. ನನಗೆ ಮರಿ ಬೇಡ. ಯಜಮಾನಿ ಬೇಕು.

ಮಗ್ಗದವಳು

ಮೇ 20

ಅಮ್ಮಾ,

ಆಗದು.

ದೊಡ್ಡ ಬೆಕ್ಕುಗಳನ್ನು ನಾನು ಯಾರಿಗೂ ಕೊಟ್ಟವನಲ್ಲ. ಯಜಮಾನಿ ಈ ಮನೆಯಲ್ಲೇ ಹುಟ್ಟಿದವಳು. ನಾನು ನಿವೃತ್ತನಾದ ವಾರವೇ ಹುಟ್ಟಿದಳು. ಆಮೇಲೆ ಈ ಏಳು ವರ್ಷದಲ್ಲಿ ಬೆಳಗ್ಗೆ ನನ್ನನ್ನು 'ಏಳು' ಎಂದು ಎಬ್ಬಿಸಿದವಳು ಅವಳೊಬ್ಬಳೇ. ಅವಳು ಹೋದರೆ ನಾನು ಏಳುವುದು ಯಾವುದಕ್ಕೆ?

ಒಂದು ವಿಷಯ ಹೇಳದಿದ್ದರೆ ನನಗೆ ನೆಮ್ಮದಿ ಇಲ್ಲ. ಹಿಂದಿನ ಕೋಣೆಯ ಚಿಲಕದ ಮೇಲೆ ನೀವು ಕೈ ಇಟ್ಟಾಗಲೇ ನನಗೆ ಗೊತ್ತಾಯಿತು. ನಿಮಗೆ ಕೇಳಿಸಿದೆ, ಅವಳ ದನಿ ಕೇಳಿಸಿದೆ, ನೀವು ಅವಳನ್ನೇ ಕೇಳುತ್ತೀರಿ ಎಂದು ಗೊತ್ತಾಯಿತು. ಹೆದರಿಕೆಯಾಯಿತು. ಅದಕ್ಕೇ ಫೇಲು ಎಂದು ಬರೆದೆ. ಏಪ್ರಿಲ್‌ನಲ್ಲಿ ನಿಮ್ಮ ಸುಳ್ಳಿನ ಮೇಲೆ ಅಷ್ಟು ಹಾರಾಡಿದವನು, ಮೇ ತಿಂಗಳಲ್ಲಿ ನಾನೇ ಒಂದು ಹೇಳಿದೆ.

ಕ್ಷಮಿಸಿ. ಆದರೂ ಅವಳನ್ನು ಕೊಡಲಾರೆ.

ವಿಂಗಡಣೆಯವನು

ಜೂನ್ 2

ಮೇಷ್ಟ್ರೇ,

ಸರಿ. ನಿಮ್ಮ ಬೆಕ್ಕು, ನಿಮ್ಮ ಮನೆ. ಬೇಡಿಕೊಳ್ಳುವುದು ನನಗೆ ಬಾರದು, ಕಲಿಯುವ ವಯಸ್ಸೂ ಅಲ್ಲ. ಬೆಳಗ್ಗೆ ಎಬ್ಬಿಸುವವರು ಇರಬೇಕು, ಅದರ ಬೆಲೆ ನನಗೆ ಗೊತ್ತು. ಇಟ್ಟುಕೊಳ್ಳಿ.

ಆದರೆ ಒಂದು ಕೆಲಸ ಮಾಡಿಕೊಡಬೇಕು. ನಿಮ್ಮ ಮೇ 12ರ ಪತ್ರ ಇದರೊಳಗಿದೆ. ಅದರಲ್ಲಿ 'ಫೇಲಾಗಿದ್ದೀರಿ' ಎಂಬ ಮಾತನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಸಹಿ ಮಾಡಿ ವಾಪಸ್ ಕಳಿಸಿ. ಬಾಯಿಮಾತಿನ ಕ್ಷಮೆ ನನಗೆ ಸಾಲದು. ಆಸ್ಪತ್ರೆಯ ಡಾಕ್ಟರು, ಮಿಲ್ಲಿನ ಮೇಲ್ವಿಚಾರಕ, ನನ್ನ ಒಡಹುಟ್ಟಿದವಳು, ಎಲ್ಲರೂ ನನ್ನ ಹೆಸರಿನ ಮುಂದೆ ಆ ಮಾತನ್ನು ಬರೆದಾಯಿತು. ಪಾಪ ಎಂದುಕೊಂಡೇ ಬರೆದರು. ಅವರಿಗೆ ಗೊತ್ತಿಲ್ಲ, ಬರೆದರು. ನಿಮಗೆ ಗೊತ್ತಿದ್ದೂ ಬರೆದಿರಿ. ಅದು ನನ್ನ ಮನೆಯಲ್ಲಿರಬಾರದು.

ತಂಗಿಗೆ ನಡೆದದ್ದೆಲ್ಲ ಹೇಳಿದೆ. ನಿಮಗೆ ಕದ್ದು ಪತ್ರ ಬರೆದದ್ದಕ್ಕೆ ಚೆನ್ನಾಗಿ ಬೈದೆ, ಅವಳು ಚೆನ್ನಾಗಿ ಅತ್ತಳು, ಆಮೇಲೆ ಇಬ್ಬರೂ ಚಹಾ ಕುಡಿದೆವು. "ಹಾಗಾದ್ರೆ ಹಿಂದಿನ ಕೋಣೆಗೆ ಬರ್ತೀಯಾ?" ಎಂದು ಹೊರಡುವಾಗ ಮತ್ತೆ ಕೇಳಿದಳು. "ತಲೆ ಹೋದ್ರೂ ಬರಲ್ಲ" ಎಂದೆ.

ಮಗ್ಗದವಳು

ಜೂನ್ 19

ಅಮ್ಮಾ,

ನೀವು ಹೇಳಿದ ಪತ್ರ ಇದರೊಳಗಿದೆ. ಹೊಡೆದುಹಾಕಿದ್ದೇನೆ. ಸಹಿ ಇದೆ, ತಾರೀಖು ಇದೆ.

ಎರಡು ವಾರ ಅದು ನನ್ನ ಮೇಜಿನ ಮೇಲಿತ್ತು. ಗೆರೆ ಎಳೆಯುವುದು ಒಂದು ಕ್ಷಣದ ಕೆಲಸ ಎಂದು ಕುಳಿತೆ, ಕೈ ಏಳಲಿಲ್ಲ. ಫೇಲು ಅಲ್ಲ ಎಂದ ಮೇಲೆ ಪಾಸು ಎನ್ನಬೇಕು. ಪಾಸಾದರೆ ಬೆಕ್ಕು ನಿಮ್ಮದು ಎಂದು ಏಪ್ರಿಲ್ 30ರಂದು ಬರೆದುಕೊಟ್ಟವನು ನಾನೇ. ಮರಿ ಎಂದು ಬರೆದಿಲ್ಲ, ಬೆಕ್ಕು ಎಂದು ಬರೆದಿದ್ದೇನೆ; ನನ್ನ ಹತ್ತಿರ ನಕಲಿದೆ, ನೋಡಿದೆ. ವಿಳಾಸ ಸರಿಯಿದ್ದ ಪತ್ರವನ್ನು ಮೂವತ್ನಾಲ್ಕು ವರ್ಷದಲ್ಲಿ ನಾನು ಒಂದು ದಿನವೂ ನನ್ನ ಹತ್ತಿರ ಇಟ್ಟುಕೊಂಡವನಲ್ಲ. ಇಟ್ಟುಕೊಂಡವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಅವಳು ಕರೆದಳು, ನೀವು ಬಂದಿರಿ. ಅವಳು ನಿಮ್ಮ ವಿಳಾಸದವಳು.

ಭಾನುವಾರ ಬನ್ನಿ. ಮಧ್ಯಾಹ್ನದ ಮೊದಲು ಬನ್ನಿ, ಆಮೇಲೆ ನನ್ನ ಮನಸ್ಸು ಹೇಗಿರುತ್ತದೋ ಹೇಳಲಾರೆ. ಅವಳಿಗೆ ಬೇಯಿಸಿದ ಮೀನಿನಲ್ಲಿ ಮುಳ್ಳು ಇರಬಾರದು. ನೀರಿನ ಬಟ್ಟಲು ಊಟದ ಬಟ್ಟಲಿನ ಪಕ್ಕ ಇಟ್ಟರೆ ಕುಡಿಯುವುದಿಲ್ಲ, ದೂರ ಇಡಿ. ಎಡಗಿವಿಯ ಹಿಂದೆ ತುರಿಸಿದರೆ ಬೈಯುವುದನ್ನು ನಿಲ್ಲಿಸುತ್ತಾಳೆ, ಹೆಚ್ಚು ಹೊತ್ತಲ್ಲ.

ವಿಂಗಡಣೆಯವನು

ಜೂನ್ 28

ಮೇಷ್ಟ್ರೇ, ನಮಸ್ಕಾರ.

ಒಂದು ವಾರ ಆಯಿತು. ಸುದ್ದಿ ಹೇಳುತ್ತೇನೆ, ಸಕ್ಕರೆ ಹಚ್ಚಿ ಹೇಳುವುದಿಲ್ಲ.

ಮೊದಲ ಎರಡು ದಿನ ಮಂಚದ ಕೆಳಗಿನಿಂದ ಬರಲಿಲ್ಲ. ಮೂರನೇ ದಿನ ಬಂದು ಮೀನು ತಿಂದಳು, ನೀರು ಕುಡಿದಳು, ಮೇಜಿನ ಡ್ರಾ ತೆಗೆದು ನಿಮ್ಮ ಪತ್ರಗಳ ಮೇಲೆ ಕುಳಿತಳು. ಆಮೇಲೆ ಬಾಗಿಲ ಮುಂದೆ ಹೋಗಿ ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ. ನಾನು ಮಿಲ್ಲಿನಿಂದ ಬರುವಾಗ ಮೊದಲ ಮಹಡಿಯ ಮೆಟ್ಟಿಲಿಗೇ ಕೇಳಿಸುತ್ತದೆ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದರು. ಬಾಯಿ ಆಡಿಸಿದರು. ನಾನು ಕಿವಿ ತೋರಿಸಿ ನಕ್ಕೆ, ಹೊರಟುಹೋದರು. ಈ ಕಿವಿಯಿಂದ ಇಷ್ಟಾದರೂ ಉಪಯೋಗ ಬೇಡವೇ?

ತಂಗಿ ನಿನ್ನೆ ಬಂದಿದ್ದಳು. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, "ಅಕ್ಕಾ, ಇದನ್ನ ಹೇಗೆ ತಡ್ಕೋತೀಯೇ? ಇದು ಅಳೋದು ಕೇಳಿದ್ರೆ ನನಗೇ ಕರುಳು ಕಿತ್ತು ಬರುತ್ತೆ" ಎಂದಳು. ತಡೆದುಕೊಳ್ಳುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿದೆ. ಅವಳು ಬಂದು ನನ್ನ ಪಕ್ಕ ಕುಳಿತಳು. ಹಿಂದಿನ ಕೋಣೆಯ ಮಾತು ಎತ್ತಲಿಲ್ಲ.

ನಿಮ್ಮನ್ನು ಕರೆಯುತ್ತಿದ್ದಾಳೆ ಮೇಷ್ಟ್ರೇ. ಅದು ನನಗೆ ಗೊತ್ತಾಗದಿರಲು ನಾನೇನು ದಡ್ಡಿಯೇ? ನೀವು ಬೆಳಗ್ಗೆ ಏಳುವ ಹೊತ್ತಿಗೆ ಸರಿಯಾಗಿ ನಿಮ್ಮನ್ನು ಎಬ್ಬಿಸಲು ಕೂಗುತ್ತಾಳೆ, ಎದ್ದು ಬಾಗಿಲ ಹತ್ತಿರ ಹೋಗಿ ಕೂರುವವಳು ನಾನು. ನನ್ನ ಮನೆಯಲ್ಲಿ ಒಂದು ಪ್ರಾಣಿ ಅಳುತ್ತಿದೆ, ಒಂದೂ ಬಿಡದೆ ಎಲ್ಲವೂ ನನಗೆ ಕೇಳಿಸುತ್ತಿದೆ. ಕೇಳಿಸಿದ ಮೇಲೆ ಸುಮ್ಮನಿರುವವಳು ನಾನಲ್ಲ.

ಹಾಗಾಗಿ ನೀವು ಬರಬೇಕು. ಬರುವ ಭಾನುವಾರ, ಆಮೇಲೆ ಪ್ರತಿ ಭಾನುವಾರ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಮನಸ್ಸು ಹೇಗಿರುತ್ತದೋ ಎಂದೆಲ್ಲ ಬರೆಯಬೇಡಿ. ಎರಡನೇ ಮಹಡಿ, ಎಡಗಡೆಯ ಬಾಗಿಲು. ಗಂಟೆ ಒತ್ತಬೇಡಿ, ಅದು ನನಗೆ ಕೇಳಿಸುವುದಿಲ್ಲ. ಬಾಗಿಲು ತಟ್ಟುವುದೂ ಬೇಡ. ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಬಿದ್ದ ಕೂಡಲೇ ಅವಳು ಕೂಗುತ್ತಾಳೆ. ನಾನು ಬಾಗಿಲು ತೆಗೆಯುತ್ತೇನೆ.

ಇತಿ,
ಮಗ್ಗದವಳು